ಫಾಲ್ಕ್‌ನರನ ಹಳದಿ ಕಡ್ಡಿಗಳು

ನಮ್ಮ ಮೇವಿನ ಕೋಣೆಯ ಮೂಲೆಯಲ್ಲಿ ದ್ರವ ನೈಟ್ರೋಜನ್ನಿನ ಜಾಡಿಯೊಂದಿದೆ. ಅದರೊಳಗೆ ಕುದುರೆ ವೀರ್ಯ ತುಂಬಿ ಹೆಪ್ಪುಗಟ್ಟಿಸಿದ ಸಪೂರ ಕೊಳವೆಗಳು; ನಾವು ಕಡ್ಡಿ ಅನ್ನುತ್ತೇವೆ. ಸೋಮವಾರ ಬಟ್ಟೆ ಒಣಹಾಕಿದ ಮೇಲೆ ಕಪ್ಪು ಕೋಲೊಂದನ್ನು ತಳಕ್ಕೆ ಇಳಿಸಿ, ಹೊರತೆಗೆದು, ಗಾಳಿಯಲ್ಲಿ ಆಡಿಸುತ್ತೇನೆ. ಬೆಳ್ಳಗೆ ಹಿಮ ಕಟ್ಟಿದಷ್ಟು ಎತ್ತರಕ್ಕೆ ನೈಟ್ರೋಜನ್ ಇದೆ ಎಂದು ಅರ್ಥ. ಅಷ್ಟು ನನ್ನ ಕೆಲಸ. ಕಡ್ಡಿಗಳ ಲೆಕ್ಕದ ಪುಸ್ತಕ ಅತ್ತೆಯದು.

ಈ ವಸಂತದಲ್ಲಿ ಅತ್ತೆ ಹಿಲ್ಕೆಗೆ ಇದ್ದದ್ದು ಒಂದೇ ಆಸೆ. ಹತ್ತೊಂಬತ್ತು ತುಂಬಿದ ಅವರ ಹೆಣ್ಣುಕುದುರೆ ವಾಲೆಸ್ಕಾ, ಫಾಲ್ಕ್‌ನರ್ ಎಂಬ ಗಂಡುಕುದುರೆಯಿಂದ ಕೊನೆಯದೊಂದು ಮರಿ ಹಾಕಬೇಕು. ಫಾಲ್ಕ್‌ನರ್ ಸತ್ತು ಆರು ವರ್ಷ. ಅವನ ವೀರ್ಯ ಈಗ ಎಲ್ಲೂ ಮಾರಾಟಕ್ಕಿಲ್ಲ. ಪುಸ್ತಕದ ಪ್ರಕಾರ ನಮ್ಮಲ್ಲಿ ಅವನ ಹಳದಿ ಬಣ್ಣದ ಕಡ್ಡಿ ಹದಿನಾರು ಇದ್ದವು. ಸಲಕ್ಕೆ ಎಂಟರಂತೆ ಎರಡು ಸಲಕ್ಕೆ ಸಾಕು.

ವಾಲೆಸ್ಕಾ ಬೆದೆಗೆ ಬಂದ ಬೆಳಿಗ್ಗೆ ಪಶುವೈದ್ಯೆ ಗೆಸ್ಕೆ ಬಂದಳು. ಊರಿನವಳೇ, ಅತ್ತೆಯ ಕಣ್ಣೆದುರು ಬೆಳೆದವಳು. ಕಡ್ಡಿಗಳಿದ್ದ ಡಬ್ಬಿಯನ್ನು ಜಾಡಿಯ ಕತ್ತಿನವರೆಗೆ ಎತ್ತಿ, ಇಣುಕಿ, ತಕ್ಷಣ ಇಳಿಸಿದಳು.

"ಚಿಕ್ಕಮ್ಮ, ಹಳದಿ ಕಡ್ಡಿ ಎಂಟೇ ಇದಾವೆ."

"ಕನ್ನಡಕ ಒರೆಸ್ಕೊ."

"ಒರೆಸ್ಕೊಂಡೇ ಬಂದಿದೀನಿ. ನೀವೇ ನೋಡಿ."

ಅತ್ತೆ ನೋಡಲಿಲ್ಲ. ನಾನು ಪುಸ್ತಕ ತಿರುವಿದೆ. ಮೂರು ವರ್ಷದ ಹಿಂದೆ ವಾಲೆಸ್ಕಾಗೆ ಇದೇ ಕಡ್ಡಿ ಎಂಟು ಹಾಕಿಸಿ, ಗಬ್ಬ ನಿಲ್ಲದೆ ಹೋಗಿತ್ತು. ಅವತ್ತು ಹಗ್ಗ ಹಿಡಿದವಳು ನಾನೇ. ಪುಸ್ತಕದಲ್ಲಿ ಅದು ಇರಲಿಲ್ಲ.

"ಅತ್ತೆ, ಆ ಸಲದ ಎಂಟನ್ನ ಯಾಕೆ ಕಳೆದಿಲ್ಲ?"

"ಮರಿ ಎಲ್ಲಿ ಹುಟ್ತು, ಬರಿಯೋಕೆ?"

ನಮ್ಮ ಓಲ್ಡೆನ್‌ಬುರ್ಗ್ ಕಡೆ ಮರಿಯ ಹೆಸರು ತಂದೆಯ ಮೊದಲ ಅಕ್ಷರದಿಂದಲೇ ಶುರುವಾಗಬೇಕು. ಮರಿ ಎದ್ದು ನಿಂತ ಮೇಲೆ ಅತ್ತೆ ಆ ಹೆಸರು ಬರೆದು, ಅದರ ಎದುರಿಗೆ ಕಡ್ಡಿ ಕಳೆಯುತ್ತಿದ್ದರು. ಹುಟ್ಟದ್ದಕ್ಕೆ ಹೆಸರಿಲ್ಲ, ಸಾಲೂ ಇಲ್ಲ. ಕಡ್ಡಿಗಳಿಲ್ಲದೆ, ಹೆಣ್ಣುಕುದುರೆಯನ್ನೇ ಗಂಡುಕುದುರೆಯ ಹತ್ತಿರ ನಡೆಸಿಕೊಂಡು ಹೋಗುತ್ತಿದ್ದ ಕಾಲದಲ್ಲಿ ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ.

ಅತ್ತೆ ಓಟ್ಸ್ ಚೀಲದ ಮೇಲೆ ಕೂತರು. "ಅಂದ್ರೆ ಒಂದೇ ಸಲ."

"ನಾಲ್ಕು ನಾಲ್ಕು ಮಾಡಿದ್ರೆ ಎರಡು ಸಲ ಆಗುತ್ತೆ," ಎಂದಳು ಗೆಸ್ಕೆ. "ನಿಲ್ಲೋದು ಸ್ವಲ್ಪ ಅನುಮಾನ, ಅಷ್ಟೆ. ನೀವು ಹೇಳಿದ ಹಾಗೆ."

ಅತ್ತೆ ಎದ್ದು ಹೋಗಿ ವಾಲೆಸ್ಕಾಳ ಬೆನ್ನು ಸವರಿದರು.

"ವಯಸ್ಸಾದೋಳಿಗೆ ಅರ್ಧ ತಟ್ಟೆ ಬಡಿಸೋದು ಬೇಡ. ಎಂಟೂ ಹಾಕು."

"ಹಾಗಾದ್ರೆ ಹೊತ್ತು ತಪ್ಪಬಾರದು. ಅಂಡಾಣು ಹೊರಬಿತ್ತಾ ಅಂತ ಆರಾರು ಗಂಟೆಗೊಮ್ಮೆ ಬಂದು ನೋಡ್ತೀನಿ. ಟೀ ಮಾತ್ರ ಗಟ್ಟಿಯಾಗಿರ್ಲಿ."

ಮರುದಿನ ಮಧ್ಯಾಹ್ನ, ಆಲೂಗಡ್ಡೆ ಬೇಯುತ್ತಿದ್ದಾಗ, ಗೆಸ್ಕೆ ಕೂಗಿದಳು: ಅಂಡಾಣು ಹೊರಬಿದ್ದಿದೆ. ಒಲೆ ಆರಿಸಿ ಓಡಿದೆ. ಬಿಸಿನೀರು ಮೂವತ್ತೇಳು ಡಿಗ್ರಿ, ಮೂವತ್ತು ಸೆಕೆಂಡು ನಾನೇ ಎಣಿಸಿದೆ. ಎಂಟು ಹಳದಿ ಕಡ್ಡಿ ಕರಗಿದವು. ಅತ್ತೆ ಕುದುರೆಯ ಕಿವಿಯಲ್ಲಿ ಏನೋ ಹೇಳುತ್ತಲೇ ಇದ್ದರು.

ಹದಿನಾರು ದಿನದ ಮೇಲೆ ಗೆಸ್ಕೆ ಸ್ಕ್ಯಾನ್ ಯಂತ್ರ ತಂದಳು. ಪರದೆಯಲ್ಲಿ ನೆಲ್ಲಿಕಾಯಿಯಂಥ ದುಂಡನೆಯ ಕಪ್ಪು ಚುಕ್ಕೆ. ಅವಳು ಪರದೆಯನ್ನು ಅತ್ತೆಯ ಕಡೆ ತಿರುಗಿಸಿದಳು.

"ಇದೇನಾ?"

"ಇದೇ, ಚಿಕ್ಕಮ್ಮ."

"ಒಂದೇ ತಾನೆ? ಅವಳಿ ಬೇಡಮ್ಮ, ಎರಡೂ ಉಳಿಯಲ್ಲ."

"ಒಂದೇ. ಒಳ್ಳೆ ಜಾಗದಲ್ಲಿ ಕೂತಿದೆ."

ಅತ್ತೆ ವಾಲೆಸ್ಕಾಳ ಕತ್ತಿಗೆ ಹಣೆ ಒತ್ತಿ ನಿಂತರು. ನಾನು ಪುಸ್ತಕ ತೆರೆದೆ.

"ಈಗಲೇ ಬರೀತೀಯಾ?"

"ಹ್ಞೂಂ ಅತ್ತೆ. ಹಳೇ ಎಂಟು, ಈಗಿನ ಎಂಟು."

"ಹಳೇದು ಪೆನ್ನಲ್ಲಿ ಬರಿ," ಎಂದರು, ತಲೆ ಎತ್ತದೆ. "ಇದು ಹುಟ್ಟೋತನಕ ಪೆನ್ಸಿಲ್‌ನಲ್ಲಿ ಇರ್ಲಿ."