ಸೊಂಟದಿಂದ ಮೇಲೆ

ಪೋಸ್ಟ್‌ಮಾಸ್ಟರರು ನಿವೃತ್ತರಾದ ಮೇಲೆ ಅವರ ಅಪ್ಪಣೆ ಕೇಳುವ ಪ್ರಜೆ ಎಂದು ಉಳಿದವಳು ಹೆಂಡತಿಯೊಬ್ಬಳೇ. ಆಕೆಯೂ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವವಳು. ಹಾಗಾಗಿ, ಸಕ್ಕರೆ ಕಾಯಿಲೆಯವರಿಗೆ ಫೋನಿನ ಮೂಲಕ ವ್ಯಾಯಾಮ ಕಲಿಸುವ ಯೋಜನೆ ಊರಿನ ಆಸ್ಪತ್ರೆಗೆ ಬಂದು, ಅದರ ಗ್ರೂಪಿಗೊಬ್ಬ ಅಡ್ಮಿನ್ ಬೇಕು ಎಂದು ನರ್ಸಮ್ಮ ಹೇಳಿದಾಗ, ಅವರು ಕುರ್ಚಿಯಿಂದ ಎದ್ದ ವೇಗವೇ ಆ ವರ್ಷ ಅವರು ಮಾಡಿದ ದೊಡ್ಡ ವ್ಯಾಯಾಮವಾಗಿತ್ತು.

ಹೆಂಡತಿಗೂ ಅದೇ ಕಾಯಿಲೆಯಿತ್ತು. "ಒಂದು ನಂಬರಿಗೆ ಒಬ್ಬರೇ ಕಣಕ್ಕ," ಎಂದಳು ನರ್ಸಮ್ಮ. "ಮನೇಲಿ ಇನ್ನೊಂದು ಫೋನಿದೆಯಾ?"

ಇರಲಿಲ್ಲ. ಇದ್ದ ಒಂದು ಪೋಸ್ಟ್‌ಮಾಸ್ಟರರ ಜೇಬಿನಲ್ಲಿತ್ತು. "ನಾನು ನೋಡಿ ಹೇಳ್ಕೊಡ್ತೀನಿ ಬಿಡಿ," ಎಂದು ಅವರು ಮಾತು ಮುಗಿಸಿದರು. ಹೇಳಿಕೊಡಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಯೋಜನೆ ಸರಳವಾಗಿತ್ತು. ಬೆಳಗ್ಗೆ ಪಟ್ಟಣದಿಂದ ವಿಡಿಯೊ ಬರುತ್ತದೆ. ತೆಳ್ಳಗಿನ ಹುಡುಗಿಯೊಬ್ಬಳು ನುಣುಪು ನೆಲದ ಮೇಲೆ ಚಾಪೆ ಹಾಸಿ ಕೈಕಾಲು ಆಡಿಸುತ್ತಾಳೆ. ಅದನ್ನು ನೋಡಿ ಮಾಡಬೇಕು, ಮಾಡಿದ್ದನ್ನು ವಿಡಿಯೊ ತೆಗೆದು ಗ್ರೂಪಿಗೆ ಹಾಕಬೇಕು. ವಿಡಿಯೊ ಬಂದರೆ ಪಟ್ಟಣದ ಕಚೇರಿಯಲ್ಲಿ ಆ ರೋಗಿಯ ಹೆಸರಿನ ಮುಂದೆ ಹಸಿರು ಚುಕ್ಕೆ, ಬಾರದಿದ್ದರೆ ಕೆಂಪು. ರಕ್ತದಲ್ಲಿ ಸಕ್ಕರೆ ಎಷ್ಟಿದೆ ಎಂಬುದಕ್ಕೆ ಅಲ್ಲಿ ಯಾವ ಬಣ್ಣವೂ ಇರಲಿಲ್ಲ.

ಪೋಸ್ಟ್‌ಮಾಸ್ಟರರು ಹಾಸಿಗೆಯಲ್ಲಿ ಕಾಲು ಚಾಚಿಕೊಂಡೇ ಹುಕುಂ ಹೊರಡಿಸತೊಡಗಿದರು. 'ನಿನ್ನೆ ವಿಡಿಯೊ ಹಾಕದವರು ಕಾರಣ ತಿಳಿಸತಕ್ಕದ್ದು.' ಹಿಟ್ಟಿನ ಗಿರಣಿ ನಡೆಸುವ ಹೆಂಗಸಿಗೆ ಬರೆಯಲು ಪುರುಸೊತ್ತಿರಲಿಲ್ಲ. ಯಂತ್ರದ ಸದ್ದಿನ ನಡುವೆಯೇ ಧ್ವನಿ ಕಳಿಸಿದಳು: "ಅಣ್ಣಾ, ಬೆಳಗ್ಗೆಯಿಂದ ಮೂಟೆ ಹೊತ್ತು ಹೊತ್ತು ಸೊಂಟ ಬಿದ್ದೋಗಿದೆ. ಇದು ವ್ಯಾಯಾಮ ಅಲ್ವಾ?"

"ಅದು ಕೆಲಸ. ವ್ಯಾಯಾಮ ಬೇರೆ," ಎಂದು ಉತ್ತರ ಬಂತು. ಅವಳಿಗೆ ಕೆಂಪು ಚುಕ್ಕೆ ಬಿತ್ತು.

ಪೋಸ್ಟ್‌ಮಾಸ್ಟರರ ಚುಕ್ಕೆಯೋ, ಸದಾ ಹಸಿರು. ಅವರು ವಾರಕ್ಕೊಮ್ಮೆ ಸ್ಕೂಟರ್ ಹತ್ತಿ ಕಾಲುವೆ ದಂಡೆಗೆ ಹೋಗುತ್ತಿದ್ದರು. ಇಸ್ತ್ರಿ ಮಾಡಿದ ಅಂಗಿಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಹೆಂಡತಿ ಹಿಂದಿನಿಂದ ನಡೆದು ಬರುತ್ತಿದ್ದಳು, ಸ್ಕೂಟರಿನಲ್ಲಿ ಕೂತರೆ ಅಂಗಿ ಮುದುರುತ್ತದೆಂದು. ನೀಲಿ ಅಂಗಿಯಲ್ಲಿ ನಾಲ್ಕು ಹೆಜ್ಜೆ, ಬದಲಿಸಿ ಹಳದಿಯಲ್ಲಿ ನಾಲ್ಕು ಹೆಜ್ಜೆ, ಬಿಳಿಯಲ್ಲಿ ಕೈ ಮೇಲೆತ್ತಿ ಉಸಿರು. ಆಕೆ ಫೋನು ಹಿಡಿದು ಹಿಂದಕ್ಕೆ ಹಿಂದಕ್ಕೆ ನಡೆಯುತ್ತ ತೆಗೆಯುತ್ತಿದ್ದಳು. ವಾರದ ವ್ಯಾಯಾಮ ಒಂದು ಗಂಟೆಯೊಳಗೆ ಮುಗಿಯುತ್ತಿತ್ತು. ದಿನಕ್ಕೊಂದರಂತೆ ಗ್ರೂಪಿಗೆ ಬೀಳುತ್ತಿತ್ತು. ಜನ ಹೆಬ್ಬೆರಳೆತ್ತುತ್ತಿದ್ದರು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎಂಬ ಮಾತು ಆಕೆಯ ನಾಲಿಗೆ ತುದಿಗೆ ಬಂದು ಅಲ್ಲೇ ಒಣಗುತ್ತಿತ್ತು.

ಪಟ್ಟಣದವರು ಮೆಚ್ಚಿ ಬಿಳಿ ಶೂ ಕಳಿಸಿಕೊಟ್ಟರು, ಬಹುಮಾನವೆಂದು. ಅಳತೆ ಬಿಗಿ. ಪೋಸ್ಟ್‌ಮಾಸ್ಟರರಿಗೆ ಬಿಗಿಯೆಂದು ಗೊತ್ತೇ ಆಗಲಿಲ್ಲ, ಏಕೆಂದರೆ ಅವರ ಪಾದಕ್ಕೆ ಬಹಳ ದಿನಗಳಿಂದ ಸ್ಪರ್ಶವೇ ಇರಲಿಲ್ಲ. ಸಕ್ಕರೆ ಏರಿ ಏರಿ ಪಾದದ ನರಗಳನ್ನು ತಿಂದುಹಾಕಿತ್ತು. ಒಗೆಯಲು ಹಾಕಿದ ಕಾಲುಚೀಲದಲ್ಲಿ ಹೆಂಡತಿಗೆ ಕೀವಿನ ವಾಸನೆ ಬಂತು.

"ರೀ, ಕಾಲು ತೋರಿಸಿ ಇಲ್ಲಿ. ನರ್ಸಮ್ಮನ ಹತ್ರ ಹೋಗೋಣ."

"ಸುಮ್ನಿರು. ಅಡ್ಮಿನ್ ಕಾಲಿಗೇ ಹುಣ್ಣು ಅಂದ್ರೆ ಗ್ರೂಪಿನ ಗತಿ ಏನು?"

"ಗ್ರೂಪಿಗೇನು ಕಾಲಿದೆಯಾ ಕೊಳೆಯೋಕೆ?"

"ನೋವೇ ಇಲ್ಲ ಅಂತಿದೀನಿ. ನೋವಿಲ್ದೆ ಹುಣ್ಣು ಅಂತೆ. ಹೋಗಿ ಕೆಲಸ ನೋಡು."

ಅದೇ ವಾರ ಪಟ್ಟಣದ ಕಚೇರಿಯಲ್ಲಿ ಯೋಜನೆ ನೋಡಿಕೊಳ್ಳುವ ಮೇಡಂ ಕ್ಯಾಮೆರಾದವನನ್ನು ಕರೆದುಕೊಂಡು ಬಂದರು. ಆದರ್ಶ ರೋಗಿಯ ನಡಿಗೆಯನ್ನು ನೇರಪ್ರಸಾರ ಮಾಡಬೇಕಿತ್ತಂತೆ. ನೇರಪ್ರಸಾರದಲ್ಲಿ ನಾಲ್ಕು ಹೆಜ್ಜೆ ಸಾಲದು. ಪೋಸ್ಟ್‌ಮಾಸ್ಟರರು ಎದೆ ಸೆಟೆಸಿ ಕಾಲುವೆ ದಂಡೆಯುದ್ದಕ್ಕೂ ನಡೆದರು, ಮಾತಾಡುತ್ತಲೇ ನಡೆದರು. ಸೋಮಾರಿತನವೇ ರೋಗ, ಶಿಸ್ತೇ ಮದ್ದು. ಊರವರೆಲ್ಲ ಫೋನಿನಲ್ಲಿ ನೋಡುತ್ತಿದ್ದರು. ಗಿರಣಿಯವಳೂ ಯಂತ್ರ ನಿಲ್ಲಿಸಿ ನೋಡುತ್ತಿದ್ದಳು. ಮೊದಲು ಕಂಡದ್ದು ಅವಳಿಗೇ. 'ಅಣ್ಣನ ಶೂ ಕೆಂಪಗಾಗಿದೆ' ಎಂದು ಬರೆದಳು.

ಮೇಡಂ ಆ ಸಾಲು ಓದಿದರು. ಕೆಳಗೆ ನೋಡಿದರು. ಬಿಳಿ ಶೂ ಬೆರಳಿನ ಕಡೆಯಿಂದ ಒದ್ದೆಯಾಗಿ, ಹೆಜ್ಜೆ ಇಟ್ಟಲ್ಲೆಲ್ಲ ಕಲೆ ಬೀಳುತ್ತಿತ್ತು. ಮೇಡಂ ಕ್ಯಾಮೆರಾದವನ ಕಿವಿಯ ಬಳಿ ಬಾಗಿ, "ಸೊಂಟದಿಂದ ಮೇಲೆ ತಗೊಳಿ," ಎಂದರು.

ಪ್ರಸಾರ ಮುಂದುವರಿಯಿತು. ಸೊಂಟದಿಂದ ಮೇಲೆ ಎಲ್ಲವೂ ಚೆನ್ನಾಗಿತ್ತು. ಹೆಂಡತಿಯೇ ಓಡಿಹೋಗಿ ಕ್ಯಾಮೆರಾಕ್ಕೆ ಅಡ್ಡ ನಿಂತು ಗಂಡನ ತೋಳು ಹಿಡಿದಳು.

"ಕೂತ್ಕೊಳ್ಳಿ."

"ಏನಾಗಿದೆ ನಿಂಗೆ? ನಡೀತಾ ಇದೆ, ಪ್ರಸಾರ ನಡೀತಾ ಇದೆ."

"ಕೆಳಗೆ ನೋಡ್ಕೊಳ್ಳಿ."

ನೋಡಿಕೊಂಡರು. ಯಾರದೋ ಕಾಲು ನೋಡುವವರಂತೆ ಬಹಳ ಹೊತ್ತು ನೋಡಿದರು. ಆಮೇಲೆ ಅಲ್ಲೇ ದಂಡೆಯ ಮೇಲೆ ಕೂತರು.

ದೊಡ್ಡಾಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಮತ್ತೆ ಎರಡು ದಿನ ಬಿಟ್ಟಿದ್ದರೆ ಪಾದವೇ ಹೋಗುತ್ತಿತ್ತೆಂದು ಡಾಕ್ಟರು ಹೇಳಿದರು. ಇಷ್ಟಾದರೆ ಮನುಷ್ಯನಿಗೆ ಬುದ್ಧಿ ಬರಬೇಕು. ಆದರೆ ಮಾರನೆಯ ದಿನ ಮಂಪರಿನಿಂದ ಎದ್ದ ಪೋಸ್ಟ್‌ಮಾಸ್ಟರರು ಮೊದಲು ಕೇಳಿದ್ದು ಫೋನನ್ನು. ಮಿಕ್ಕಿದ್ದ ವಿಡಿಯೊಗಳಲ್ಲಿ ಒಂದನ್ನು ಆರಿಸಿ ಗ್ರೂಪಿಗೆ ಹಾಕಿದರು. ಕಾಲುವೆ ದಂಡೆಯಲ್ಲಿ ನೀಲಿ ಅಂಗಿಯವರು ಠೀವಿಯಿಂದ ನಡೆಯುತ್ತಿದ್ದಾರೆ. 'ಎಂಥ ಮನೋಬಲ ಸಾರ್' ಎಂದೊಬ್ಬ. ಕೈಮುಗಿದ ಚಿತ್ರಗಳು ಸಾಲುಗಟ್ಟಿದವು. ಮೇಡಂ ಕೂಡ ಹೂಗುಚ್ಛ ಕಳಿಸಿದರು, ಚಿತ್ರದ್ದೇ. ಹಸಿರು ಚುಕ್ಕೆ ಬಿತ್ತು.

ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ಹೆಂಡತಿ ಕೈ ಚಾಚಿದಳು. "ಕೊಡಿ ಇಲ್ಲಿ."

"ಯಾಕೆ?"

"ಕೊಡಿ ಅಂದೆ."

ಆ ದನಿಯನ್ನು ಅವರು ಮದುವೆಯಾದಾಗಿನಿಂದ ಕೇಳಿರಲಿಲ್ಲ. ಕೊಟ್ಟರು. ಆಕೆ ಧ್ವನಿಯ ಗುಂಡಿ ಒತ್ತಿ ಹಿಡಿದಳು. "ಈ ವಿಡಿಯೊ ಹಳೇದು. ಇವರ ಕಾಲಿನ ಎರಡು ಬೆರಳು ನಿನ್ನೆ ತೆಗೆದ್ರು. ಹುಣ್ಣಾಗಿದ್ದು ಇವರಿಗೆ ಗೊತ್ತೇ ಆಗ್ಲಿಲ್ಲ, ಗೊತ್ತಾದ್ಮೇಲೂ ಮುಚ್ಚಿಟ್ರು. ನಾನೂ ಗಟ್ಟಿಯಾಗಿ ಹೇಳ್ಲಿಲ್ಲ. ವ್ಯಾಯಾಮ ಮಾಡಿ, ಬೇಡ ಅನ್ನಲ್ಲ. ಮೊದಲು ಚಪ್ಪಲಿ ಬಿಚ್ಚಿ ನಿಮ್ಮ ಪಾದ ನೋಡ್ಕೊಳ್ಳಿ. ಕಾಣಿಸ್ದಿದ್ರೆ ಮನೆಯವರ ಹತ್ರ ನೋಡಿಸಿ."

ಅರ್ಧ ಗಂಟೆಯಲ್ಲಿ ಮೇಡಂ ಆ ಧ್ವನಿಯನ್ನು ಅಳಿಸಿದರು. ಸದಸ್ಯರ ಉತ್ಸಾಹ ಕುಂದಿಸುವ ಸಂದೇಶಗಳನ್ನು ಹಾಕಬಾರದೆಂದು ಸೂಚನೆ ಬಂತು. ಆದರೆ ಕೇಳಬೇಕಾದವರು ಅಷ್ಟರಲ್ಲಿ ಕೇಳಿಯಾಗಿತ್ತು. ಸಂಜೆಗೆ ನರ್ಸಮ್ಮನ ಕೋಣೆಯ ಹೊರಗೆ ಬೆಂಚು ತುಂಬಿತ್ತು. ಜನ ನಾಚುತ್ತ ಪಾದ ಎತ್ತಿ ತೋರಿಸುತ್ತಿದ್ದರು. ಗಿರಣಿಯವಳ ಹಿಮ್ಮಡಿಯಲ್ಲಿ ಬಿರುಕು ಆಳಕ್ಕೆ ಇಳಿದಿತ್ತು. ಸಕಾಲಕ್ಕೆ ಮದ್ದು ಬಿತ್ತು.

ಮನೆಗೆ ಬಂದ ಮೇಲೆ ಪೋಸ್ಟ್‌ಮಾಸ್ಟರರು ಮೂತಿ ಊದಿಸಿಕೊಂಡು ಕೂತರು. ಅಡ್ಮಿನ್ ಪಟ್ಟ ಬೇರೆಯವರಿಗೆ ಹೋಗಿತ್ತು. ಅದನ್ನು ಕಿತ್ತುಕೊಂಡದ್ದು ಕಾಲೇ ಹೊರತು ಹೆಂಡತಿಯಲ್ಲ ಎಂದು ಅವರಿಗೆ ತಿಳಿಸಿ ಹೇಳುವುದು ಕಲ್ಲಿಗೆ ನೀರೆರೆದಂತೆ. ಆಕೆ ಬ್ಯಾಂಡೇಜು ಬಿಚ್ಚಿ ಗಾಯ ಒರೆಸುವಾಗ ಕೇಳಿದರು: "ಜನ ನಗ್ತಿದಾರಾ?"

"ಅವರಿಗೆ ಪುರುಸೊತ್ತಿಲ್ಲ."

ಪೋಸ್ಟ್‌ಮಾಸ್ಟರರಿಗೆ ಅದು ಜನ ನಗುವುದಕ್ಕಿಂತ ಹೆಚ್ಚು ನೋವು ಕೊಟ್ಟಿತು. ಪಾದದಲ್ಲಿ ಹುಡುಕಿದರೂ ಸಿಗದಷ್ಟು ನೋವು.

ಆಕೆ ಔಷಧಿ ಡಬ್ಬ ಮುಚ್ಚಿ ಎದ್ದಳು. ಹೊರಗೆ ಗಿರಣಿಯವಳು, "ಅತ್ತಿಗೆ, ಬರ್ತೀರಾ? ಬಿಸಿಲೇರೋಕೆ ಮುಂಚೆ ಒಂದು ಸುತ್ತು ಹೋಗಿ ಬರೋಣ," ಎಂದು ಕೂಗಿದಳು.

"ಟೀ ಯಾರು ಮಾಡ್ತಾರೆ?" ಎಂದರು ಪೋಸ್ಟ್‌ಮಾಸ್ಟರರು.

"ಸಕ್ಕರೆ ಹಾಕ್ಬೇಡಿ," ಎಂದು ಆಕೆ ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಫೋನು ಮೇಜಿನ ಮೇಲೆ ಬಿದ್ದಿತ್ತು.