ಒಂದು ಹಣ್ಣು, ಎರಡು ಕಾಯಿ

ಮಾರ್ಗಶಿರದ ಚಳಿ, ಕಾಫಿ ಕುಯ್ಲಿನ ಕಾಲ. ಬೆಳಿಗ್ಗೆ ಮಂಜು ಬಿಡುವ ಮೊದಲೇ ನಮ್ಮ ನೀರಿನ ಸಂಘದ ಚುನಾವಣೆ ಶುರುವಾಯಿತು.

ಶನಿವಾರಸಂತೆಯಾಚೆಗಿನ ನಮ್ಮೂರಿಗೆ ಮೂರು ಕೇರಿ. ಗೆದ್ದವರ ಕೈಗೆ ಪಂಪ್‌ಹೌಸಿನ ಬೀಗದ ಕೈ. ಮೊದಲು ಯಾವ ಕೇರಿಗೆ ನೀರು ಎಂದು ಹೇಳುವವರು ಅವರೇ. ಮನೆಗೊಂದರಂತೆ ತಮ್ಮ ಕೇರಿಯ ಕುಕ್ಕೆಗೆ ಕಾಫಿಯ ಹಣ್ಣೋ ಕಾಯಿಯೋ ಹಾಕುವುದು ಮತದ ಪದ್ಧತಿ. ಈ ಸಲ ಕೆಂಪು ಹಣ್ಣು ಮೇಲಿನ ಕೇರಿಯ ಸುಲೋಚನಮ್ಮನಿಗೆ, ಹಸಿರು ಕಾಯಿ ಕೆಳಗಿನ ಕೇರಿಯ ಕರಿಬಸಪ್ಪನಿಗೆ. ಕುಕ್ಕೆಯಲ್ಲಿ ಯಾವುದು ಹೆಚ್ಚೋ ಅದರಲ್ಲಿ ಒಂದನ್ನು ಮಾತ್ರ ಕೇರಿಯ ಹೆಸರಿನಲ್ಲಿ ಬಸವಣ್ಣನ ಗುಡಿಯ ತಟ್ಟೆಗೆ ಇಡಬೇಕು. ಉಳಿದವು ಲೆಕ್ಕಕ್ಕಿಲ್ಲ.

ಕೊಳವೆಬಾವಿ ತೋಡಿದ ವರ್ಷ ಮಾಡಿದ ನಿಯಮವಿದು. ದೊಡ್ಡ ಕೇರಿಗಳು ತಮ್ಮನ್ನು ನುಂಗಿಬಿಡುತ್ತವೆ ಎಂದು ನಡುವಿನ ಕೇರಿಯವರು ಆಗ ಹೆದರಿದ್ದರು. ಅದು ನ್ಯಾಯದ ಹೆದರಿಕೆಯೇ. ಈಗ ಅವರಲ್ಲಿ ಬಹುಪಾಲು ಜನ ಹೋಂಸ್ಟೇಯವರಿಗೆ ಜಾಗ ಮಾರಿ ಹೋಗಿದ್ದಾರೆ. ಉಳಿದದ್ದು ಮೂರೇ ಮನೆ. ಕೇರಿ ಮಾತ್ರ ಕೇರಿಯಾಗಿಯೇ ಇದೆ.

ನಮ್ಮ ಮೇಲಿನ ಕೇರಿಯ ತುದಿಮನೆ ಲಿಂಗಿಯದು. ಕೆಳಗಿನವರಿಗೆ ಬಿಟ್ಟು ಉಳಿದ ನೀರು ಅಷ್ಟೆತ್ತರ ಏರುವುದಿಲ್ಲ. ಎರಡು ಹಸುವಿಗೆ ಅವಳು ಹಳ್ಳದಿಂದ ಹೊತ್ತು ಹೊತ್ತು ಮಂಡಿ ಕಳೆದುಕೊಂಡಿದ್ದಾಳೆ. ಸುಲೋಚನಮ್ಮ ಗೆದ್ದರೆ ಬೆಳಗಿನ ನೀರು ಮೇಲಿನ ಕೇರಿಗೆ ಎಂದು ಮಾತಾಗಿತ್ತು. ಇಲ್ಲದಿದ್ದರೆ ಹಸು ಮಾರಿ ಗೋಣಿಕೊಪ್ಪಲಿನ ಕಡೆ ಎಸ್ಟೇಟಿನ ಕೂಲಿ ಲೈನ್ ಸೇರುತ್ತೇನೆ ಎಂದು ಲಿಂಗಿ ನನ್ನೆದುರೇ ಹೇಳಿದ್ದಳು.

ನಮ್ಮ ಕುಕ್ಕೆಯಲ್ಲಿ ಬರೀ ಕೆಂಪು. ಕೆಳಗಿನ ಕೇರಿಯಲ್ಲೂ ಕಾಯಿ ಹಣ್ಣಿಗಿಂತ ಎರಡೇ ಹೆಚ್ಚು. ನಡುವಿನ ಕೇರಿಯ ಕುಕ್ಕೆಯ ತಳದಲ್ಲಿ ಎರಡು ಕಾಯಿ, ಒಂದು ಹಣ್ಣು. ತಟ್ಟೆಗೆ ಬಂದದ್ದು ಒಂದು ಹಣ್ಣು, ಎರಡು ಕಾಯಿ. ಊರಿನ ಹೆಚ್ಚು ಮನೆ ಹಣ್ಣು ಹಾಕಿಯೂ ಕಾಯಿ ಗೆದ್ದಿತು.

ನಿಯಮ ತಿದ್ದೋಣ ಎಂದು ನಾನು ಎದ್ದು ನಿಂತೆ. ತಿದ್ದಲು ಮೂರು ಕೇರಿಯೂ ಒಪ್ಪಬೇಕೆಂದು ಕರಿಬಸಪ್ಪ ನೆನಪಿಸಿದ. ನಡುವಿನ ಕೇರಿಯ ಮೂರು ಮನೆಯವರು ಒಪ್ಪಲಿಲ್ಲ. ಯಾಕೆ ಒಪ್ಪುತ್ತಾರೆ? ಮೂರು ಮನೆಗೆ ಒಂದು ಕೇರಿಯ ಬಲ ಬೇರೆಲ್ಲಿ ಸಿಗುತ್ತದೆ?

"ನಾನೇನ್ ಮೋಸ ಮಾಡಿದ್ನಾ ತಾತ?" ಎಂದ ಕರಿಬಸಪ್ಪ. "ನೀವು ದೊಡ್ಡೋರು ಮಾಡಿದ್ ನಿಯಮಾನೇ ಅಲ್ವಾ?"

ಅವನು ಮೋಸ ಮಾಡಿರಲಿಲ್ಲ. ಅದೇ ನನಗೆ ತಡೆಯಲಾಗದ್ದು. ಬೈಯಲು ಒಬ್ಬನಾದರೂ ಕಳ್ಳ ಸಿಕ್ಕಿದ್ದರೆ ಮನೆಗೆ ಹೋಗಿ ಉಣ್ಣಬಹುದಿತ್ತು.

ಲಿಂಗಿ ನಮ್ಮ ಕುಕ್ಕೆಯನ್ನೇ ನೋಡುತ್ತಿದ್ದಳು. "ಇಷ್ಟ್ ಹಣ್ಣೂ ದಂಡ ಆಯ್ತಲ್ಲ ತಾತ, ಸಿಪ್ಪೆ ಬಿಡ್ಸೋಕೆ ಪಲ್ಪರಿಗಾದ್ರೂ ಹಾಕ್ಸಿ," ಎಂದಳು. ಯಾರೋ ನಕ್ಕರು. ಅವಳು ನಗಲಿಲ್ಲ.

ಮೂರನೆಯ ದಿನಕ್ಕೆ ಹಗ್ಗ ಹಿಡಿದು ಇಳಿದುಬಂದಳು, ಹಿಂದೆ ಎರಡು ಹಸು. ನಮ್ಮ ಬಾಗಿಲಲ್ಲಿ ಒಂದು ಗಳಿಗೆ ನಿಂತು, ತನ್ನ ಮನೆಯ ಬೀಗದ ಕೈಯನ್ನು ನನ್ನ ಹೆಂಡತಿಗೆ ಕೊಟ್ಟಳು. ಮೇಲಿನ ಕೇರಿಗೆ ಒಂದು ಮನೆ ಕಡಿಮೆ. ತಟ್ಟೆಯಲ್ಲಿ ಮಾತ್ರ ನಮ್ಮದು ಆಗಲೂ ಒಂದು, ಈಗಲೂ ಒಂದು.

ಲಿಂಗಿ ಹೋದದ್ದು ಶನಿವಾರ, ಸಂತೆಯ ದಿನ.