ವಿಚಾರಣೆಯ ಕೋಟು

ರಾಮಾಂಜಿನಯ್ಯನವರ ಕರಿಯ ಕೋಟು ವರ್ಷದ ಬಹುಪಾಲು ದಿನ ಅವರ ಕುರ್ಚಿಯ ಹಿಂದಿನ ಮೊಳೆಯಲ್ಲೇ ನೇತಾಡುತ್ತಿತ್ತು. ಅದನ್ನು ತೊಟ್ಟು ಅವರು ಎದ್ದರೆಂದರೆ ಅಂತರಸನಹಳ್ಳಿಯ ನಮ್ಮ ಸ್ವಿಚ್‌ಬಾಕ್ಸ್ ಕಾರ್ಖಾನೆಯಲ್ಲಿ ಯಾರದೋ ಕೆಲಸಕ್ಕೆ ಕುತ್ತು ಬಂದಿದೆಯೆಂದು ಗೇಟಿನ ಕಾವಲುಗಾರನಿಗೂ ತಿಳಿಯುತ್ತಿತ್ತು. ಶಿಸ್ತುಕ್ರಮದ ವಿಚಾರಣೆಗೆ ಮಾತ್ರ ಆ ಕೋಟು. ಮದುವೆಗೂ ಹಾಕುತ್ತಿರಲಿಲ್ಲ.

ಹುಲಿಯೂರುದುರ್ಗದ ಈ ಮಹಾನುಭಾವರು ನಮ್ಮಲ್ಲಿ ಪರ್ಸನೆಲ್ ಆಫೀಸರ್; ನೌಕರರ ರಜೆ, ಶಿಸ್ತು ಎಲ್ಲ ಅವರ ಸುಪರ್ದಿಗೆ. ಖರೀದಿ ವಿಭಾಗದ ಗುಮಾಸ್ತನಾದ ನಾನು ಅವರೊಡನೆ ಒಂದೇ ಕೋಣೆಯಲ್ಲಿ ಆರು ವರ್ಷ ಕುಳಿತಿದ್ದೇನೆ. ನನ್ನ ತಲೆಗೂದಲು ನರೆತದ್ದರಲ್ಲಿ ಅವರ ಪಾಲು ದೊಡ್ಡದು. ಎಡಭುಜವನ್ನು ಮುಂದೆ ಮಾಡಿ, ಗುಂಪನ್ನು ಸೀಳಿಕೊಂಡು ಬಸ್ಸು ಹತ್ತುವವರಂತೆ ಓರೆಯಾಗಿ ನಡೆಯುತ್ತಿದ್ದರು. ಯಾರು ಏನು ಕೇಳಿದರೂ ಉತ್ತರ ಒಂದೇ: "ಲಿಖಿತದಲ್ಲಿ ಕೊಡಿ." ರಜೆಗೂ ಲಿಖಿತ, ಕಳೆದುಹೋದ ಊಟದ ಡಬ್ಬಿಗೂ ಲಿಖಿತ. ಒಮ್ಮೆ ಫ್ಯಾನ್ ಸ್ವಲ್ಪ ಕಡಿಮೆ ಮಾಡಿ ಎಂದು ಬೇಡಿಕೊಂಡ ನನ್ನತ್ತಲೂ ಅವರು ಒಂದು ಬಿಳಿಹಾಳೆಯನ್ನು ಸರಿಸಿದ್ದರು. ಸಾಲದ್ದಕ್ಕೆ, ನೌಕರರ ಮೊಬೈಲ್ ಬಳಕೆಯ ಬಗ್ಗೆ ಮೂರು ಪುಟದ ನಿಯಮಾವಳಿಯನ್ನು ಬರೆದು ನೋಟಿಸ್ ಬೋರ್ಡಿಗೆ ಅಂಟಿಸಿದ್ದರು. ಕಾರ್ಖಾನೆಯೊಳಗಿನ ಯಾವ ಚಿತ್ರವನ್ನೂ ಪೂರ್ವಾನುಮತಿಯಿಲ್ಲದೆ ವಾಟ್ಸಾಪಿಗಾಗಲಿ, ಫೇಸ್‌ಬುಕ್ಕಿಗಾಗಲಿ ಹಾಕಕೂಡದು ಎಂಬುದು ಅದರ ಸಾರ. ಅದನ್ನು ಓದಿದವರು ಬರೆದವರೊಬ್ಬರೇ.

ಕಳೆದ ಆಯುಧಪೂಜೆಯಂದು ಮಾಲೀಕ ಗಂಗರಾಜು ಅವರು ಉತ್ಸಾಹದಿಂದ ಕಂಪನಿಯ ಗುಂಪಿಗೆ ಧ್ವನಿಸಂದೇಶ ಕಳಿಸಿದರು: "ಎಲ್ರೂ ನಿಮ್ನಿಮ್ ಮಷಿನ್ ಫೋಟೊ ಸ್ಟೇಟಸ್ ಹಾಕ್ಕೊಳ್ರಪ್ಪಾ, ನಮ್ ಕಂಪ್ನಿ ಹೆಸ್ರು ನಾಕು ಜನಕ್ಕೆ ಗೊತ್ತಾಗ್ಲಿ." ಎಲ್ಲರೂ ಹಾಕಿದರು. ಗುಬ್ಬಿ ಕಡೆಯ ಸಿ.ಎಸ್. ಪುರದಿಂದ ಬರುತ್ತಿದ್ದ, ತಗಡು ಒತ್ತುವ ಪ್ರೆಸ್ ಯಂತ್ರದ ತ್ರಿವೇಣಿಯೂ ಹಾಕಿದಳು. ಚೆಂಡುಹೂವಿನ ಹಾರ, ಕುಂಕುಮ, ಬಾಳೆಕಂದು, ಅದರ ಕೆಳಗೆ ಅವಳದೇ ಎರಡು ಸಾಲು: "ಹಾರ ಐತೆ, ಗಾರ್ಡ್ ಇಲ್ಲ. ತಾಯಿ, ನಮ್ ಬೆರಳು ನೀನೇ ಕಾಪಾಡವ್ವ."

ಕೈ ಸಿಕ್ಕಿಕೊಳ್ಳದಂತೆ ಪ್ರೆಸ್ಸಿಗೆ ಇರಬೇಕಾದ ಗಾರ್ಡ್ ಎಂಬ ಆ ತಡೆಯನ್ನು ಕೆಲಸ ಬೇಗ ಸಾಗಲೆಂದು ಬಿಚ್ಚಿಟ್ಟು ಎಂಟು ತಿಂಗಳಾಗಿತ್ತು. ಚಿತ್ರ ಕೈಯಿಂದ ಕೈಗೆ ಹೋಗಿ, ನಮ್ಮಿಂದ ಮಾಲು ಕೊಳ್ಳುವ ದೊಡ್ಡ ಗಿರಾಕಿಯನ್ನು ಮುಟ್ಟಿತು. ಮರುದಿನವೇ ಮಾಲೀಕರು ನಮ್ಮ ಕೋಣೆಗೆ ನುಗ್ಗಿದರು.

"ರೀ, ನಾಳೆಯಿಂದ ಅವ್ಳನ್ನ ಗೇಟೊಳಕ್ಕೆ ಬಿಡ್ಬೇಡಿ."

"ಆರೋಪ ಏನು ಅಂತ ಲಿಖಿತದಲ್ಲಿ ಕೊಡಿ ಸಾರ್."

ಬೇರೆ ಯಾರಾದರೂ ಆಗಿದ್ದರೆ ತ್ರಿವೇಣಿ ಅಂದೇ ಸಂಜೆ ಕೆಲಸ ಕಳೆದುಕೊಂಡು ಬಸ್ಸು ಹತ್ತಿರುತ್ತಿದ್ದಳು. ಈ ಮನುಷ್ಯ ಕಾರಣ ಕೇಳುವ ನೋಟಿಸು, ಏಳು ದಿನದ ಗಡುವು, ಉತ್ತರ, ಆರೋಪಪಟ್ಟಿ, ವಿಚಾರಣೆ ಎಂದು ಒಂದೊಂದನ್ನೇ ಎಳೆದರು. ನೋಡುತ್ತಿದ್ದ ನಮಗೇ ಮೈ ಪರಚಿಕೊಳ್ಳುವಂತಾಯಿತು. ಮಾಲೀಕರು ಕುದಿದರು. ನೋಟಿಸು ಹಿಡಿದು ಬಂದ ತ್ರಿವೇಣಿಯಂತೂ ಅಳುತ್ತಲೇ ಜಗಳಕ್ಕೆ ನಿಂತಳು.

"ನೀವೂ ಅವ್ರ ಕಡೇನೇ ಅಲ್ವಾ ಸಾರ್?"

"ನಾನು ಫೈಲಿನ ಕಡೆ ಕಣಮ್ಮ. ನಡೆದದ್ದನ್ನ ನಡೆದಂಗೆ ಬರಿ. ಇನ್ನೊಂದು ಕಾಪಿಗೆ ನನ್ನ ಸಹಿ ಹಾಕಿಸ್ಕೊಂಡು ಹೋಗು."

ಒಂದು ಸಮಾಧಾನದ ಮಾತು ಬೇಡವೇ? ಆ ಹುಡುಗಿಯ ಸಂಬಳದ ಮೇಲೆ ಒಂದು ಮನೆಯೇ ನಿಂತಿತ್ತು. ಅವರ ಬಾಯಿಂದ ಅಂಥ ಮಾತು ಬರಲಿಲ್ಲ.

ಕೋಟು ಮೊಳೆಯಿಂದ ಇಳಿಯಿತು. ಮೂರು ದಿನ ವಿಚಾರಣೆ ನಡೆಯಿತು. ಕೊನೆಯ ದಿನ ಅವರು ಮಾಲೀಕರ ಧ್ವನಿಸಂದೇಶವನ್ನು ಅಕ್ಷರಶಃ ಬರೆದಿಳಿಸಿ, ಅದಕ್ಕೆ ಮಾಲೀಕರ ಸ್ಟೇಟಸ್ಸಿನ ಪ್ರಿಂಟನ್ನೂ ಲಗತ್ತಿಸಿದರು. ಅದರಲ್ಲಿದ್ದದ್ದೂ ಅದೇ ಯಂತ್ರ, ಅದೇ ಹಾರ. ಗಾರ್ಡು ಅಲ್ಲೂ ಇರಲಿಲ್ಲ. ವರದಿಯಲ್ಲಿ ಹೀಗೆ ಬರೆದರು: ಪೂರ್ವಾನುಮತಿ ಇತ್ತು, ಬರೆದದ್ದು ಸತ್ಯ, ಆರೋಪ ಸಾಬೀತಾಗಿಲ್ಲ. ಮುಂದಿನ ವಾರ ಪ್ರೆಸ್ಸಿಗೆ ಗಾರ್ಡು ಬಂತು, ತ್ರಿವೇಣಿ ಅದರ ಮುಂದೆ ಮೊದಲಿನಂತೆ ನಿಂತಳು.

ಹದಿನೈದು ದಿನ ಕಳೆದ ಮೇಲೆ ರಾಮಾಂಜಿನಯ್ಯನವರ ಮೊಬೈಲಿಗೆ ಮಾಲೀಕರ ಒಂದೇ ಸಾಲು ಬಂತು: ನಾಳೆಯಿಂದ ಬರುವುದು ಬೇಡ. ನಾನು ಸಿಡಿದುಬಿದ್ದೆ. "ನಿಮ್ಗೂ ನೋಟಿಸ್ ಕೊಡ್ಲಿ, ವಿಚಾರಣೆ ಮಾಡ್ಲಿ. ಕೇಳಿ ಸಾರ್!"

ಅವರು ಕನ್ನಡಕ ಒರೆಸಿಕೊಂಡರು. "ಅದೆಲ್ಲ ಕಾರ್ಮಿಕರಿಗೆ ಕಣ್ರೀ. ನಾನು ಆಡಳಿತ ವರ್ಗ. ಕಾರಣ ಕೊಡ್ದೆ ತೆಗೀಬೋದು ಅಂತ ನನ್ ನೇಮಕಾತಿ ಆರ್ಡರಲ್ಲೇ ಐತೆ. ಅದನ್ನ ಬರೆದವನೂ ನಾನೇ."

ಅಯ್ಯೋ ಪುಣ್ಯಾತ್ಮಾ! ಊರಿನವರಿಗೆಲ್ಲ ಬಾಗಿಲು ಇಟ್ಟು ತಮ್ಮ ಕೋಣೆಗೆ ಮಾತ್ರ ಗೋಡೆ ಕಟ್ಟಿಕೊಂಡವರನ್ನು ಏನೆಂದು ಬೈಯುವುದು? ಅವರು ಎದ್ದರು, ಕೋಟು ತೊಟ್ಟರು, ಎಡಭುಜ ಮುಂದೆ ಮಾಡಿ ಮಾಲೀಕರ ಕೋಣೆಗೆ ಹೋದರು. ತೆರೆದ ಬಾಗಿಲಿನಿಂದ ಆ ಮಾತು ಕೇಳಿಸಿತು: "ಲಿಖಿತದಲ್ಲಿ ಕೊಡಿ ಸಾರ್."

ಮಾಲೀಕರು ನನ್ನನ್ನು ಕರೆದು ಕೆಲಸದಿಂದ ತೆಗೆದ ಪತ್ರ ಟೈಪ್ ಮಾಡು ಎಂದರು. ಮಾಡಿದೆ. ರಾಮಾಂಜಿನಯ್ಯನವರು ಹಾಳೆಯನ್ನು ಎರಡು ಸಲ ಓದಿ, "ತಾರೀಕು ಹಾಕಿಲ್ಲ" ಎಂದು ನನಗೇ ಹಿಂದಿರುಗಿಸಿದರು. ತಾರೀಕು ಹಾಕಿ ಕೊಟ್ಟೆ. ಕೋಟು ಬಿಚ್ಚದೆಯೇ ಗೇಟು ದಾಟಿದರು.

ಇಂಥವರೊಡನೆ ಒಂದು ದಿನ ಕಳೆಯುವುದೂ ಕಷ್ಟ. ಯಾರ ಪ್ರೀತಿಯೂ ಇವರಿಗೆ ದಕ್ಕುವುದಿಲ್ಲ, ದಕ್ಕಲೆಂದು ಇವರು ಬೆರಳನ್ನೂ ಅಲ್ಲಾಡಿಸುವುದಿಲ್ಲ. ಒಬ್ಬನ ಕೋಪ ಇನ್ನೊಬ್ಬಳ ಅನ್ನದ ತಟ್ಟೆಯನ್ನು ಮುಟ್ಟುವ ಮುನ್ನ ನಡುವೆ ಒಂದು ಬಿಳಿಹಾಳೆಯನ್ನು ಇಡುತ್ತಾರೆ, ಅಷ್ಟೇ. ಕೋಪ ಅದರ ಮೇಲೆ ಬರೆಯಲು ಹೋಗಿ ತಡವರಿಸುತ್ತದೆ. ಅಂದು ಅವರ ಸರದಿ ಬಂದಾಗ ಆ ಹಾಳೆ ಇದ್ದದ್ದು ನನ್ನ ಕೈಯಲ್ಲಿ. ಕಾರಣವೇನು ಸಾರ್, ಲಿಖಿತದಲ್ಲಿ ಕೊಡಿ ಎಂದು ನಾನು ಕೇಳಲಿಲ್ಲ.